ವೈನಿಯ ಬೋರಿನ ನೀರು

ನೀರು ಹಿಡಿಯಲು ಹೋಗುವ ದಿನ ನಾನು ಹಣೆಗೆ ಕುಂಕುಮ ಇಟ್ಟುಕೊಳ್ಳುವುದಿಲ್ಲ. ಉಂಗುರ, ಕಿವಿಯೋಲೆ ಬಿಚ್ಚಿ ಹುಮನಾಬಾದಿನ ನಮ್ಮ ಮನೆಯ ದೇವರ ಗೂಡಿನಲ್ಲಿ ಇಟ್ಟು ಹೊರಡುತ್ತೇನೆ. ಪೌಡರು ಹಚ್ಚುವುದಿಲ್ಲ. ಕೈಗೆ ಮದರಂಗಿ ಹಾಕಿಕೊಂಡು ವರ್ಷಗಳಾದವು. ನನ್ನ ಅತ್ತೆ ಇದ್ದಷ್ಟು ದಿನ, ಸೊಸೆ ಬರೀ ಹಣೆಯಲ್ಲಿ ಹೊಸ್ತಿಲು ದಾಟುವುದನ್ನು ನೋಡಲಾರದೆ ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದರು. ನಾನೇನು ಹಟಕ್ಕೆ ಮಾಡುತ್ತಿರಲಿಲ್ಲ. ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪ್ರಮಾಣದಲ್ಲಿ ಇರುವ ಲೋಹವನ್ನು ಪ್ರಯೋಗಾಲಯದವರು ಹುಡುಕುತ್ತಾರೆ. ಆ ನೀರನ್ನು ಊರೂರಿನಿಂದ ಹಿಡಿದು ತರುವುದು ನನ್ನ ಕೆಲಸ. ಹಣೆಯಿಂದ ಉದುರಿದ ಚಿಟಿಕೆ ಪುಡಿ ಬಾಟಲಿಗೆ ಬಿದ್ದರೂ ಸಾಕು, ಏನೂ ತಪ್ಪು ಮಾಡದ ಒಂದು ಊರಿನ ನೀರಿಗೆ ಕೆಟ್ಟ ಹೆಸರು ಬರುತ್ತದೆ.

ಇದನ್ನು ಜನರಿಗೆ ತಿಳಿಸಿ ಹೇಳುವಷ್ಟರಲ್ಲಿ ನನ್ನ ತಾಳ್ಮೆ ಮುಗಿದಿರುತ್ತದೆ. ಬಾಟಲಿಗಳನ್ನು ಪ್ರಯೋಗಾಲಯದಲ್ಲಿ ಆಮ್ಲದಿಂದ ತೊಳೆದು, ಚೀಲದೊಳಗೆ ಚೀಲ ಹಾಕಿ ಕೊಟ್ಟಿರುತ್ತಾರೆ. ನಾನು ಕೈಗವಸು ಹಾಕಿಕೊಂಡು ಹೊರಗೆ ತೆಗೆಯುವುದೇ ತಡ, ಯಾವಳಾದರೂ ಪುಣ್ಯಾತ್ಗಿತ್ತಿ ಬೂದಿ, ಹುಣಸೆಹಣ್ಣು ಹಿಡಿದು "ಕೊಡ್ರಿಲ್ಲಿ, ಸ್ವಚ್ಛ ತಿಕ್ಕಿ ಕೊಡ್ತೀನಿ" ಎಂದು ಓಡಿ ಬರುತ್ತಾಳೆ. ಇನ್ನೊಬ್ಬರು ಮುಚ್ಚಳದೊಳಗೆ ಬೆರಳು ಹಾಕಿ ನೋಡುತ್ತಾರೆ. ನಾನು ಬೈದುಬಿಡುತ್ತೇನೆ. ಬೈದ ಮೇಲೆ ಅದೇ ಮನೆಯಲ್ಲಿ ಚಹಾ ಕುಡಿದು ಬರುತ್ತೇನೆ. ಈ ಕಡೆಯ ಜನ ಬೈಗುಳವನ್ನೂ ಚಹಾವನ್ನೂ ಬೇರೆ ಬೇರೆ ಇಟ್ಟು ನೋಡುತ್ತಾರೆ, ಅದೊಂದು ಪುಣ್ಯ.

ನಮ್ಮ ಜೀಪಿನ ಚಾಲಕ ಬೇಮಳಖೇಡದವರು, ನನಗಿಂತ ಹಿರಿಯರು. ಎಲೆ ಅಡಿಕೆ ಬಿಟ್ಟು ಬೇರೆ ಚಟವಿಲ್ಲ. ಆದರೆ ಸುಣ್ಣದ ಡಬ್ಬಿ ನನ್ನ ಪೆಟ್ಟಿಗೆಯ ಹತ್ತಿರ ಬಂದರೆ ನಾನು ರಂಪ ಮಾಡುತ್ತೇನೆಂದು ಅದನ್ನು ಸೀಟಿನ ಕೆಳಗೆ ಇಡುತ್ತಾರೆ. ಪ್ರತಿ ಸುತ್ತಿಗೂ ಪ್ರಯೋಗಾಲಯದ ಶುದ್ಧ ನೀರು ತುಂಬಿದ ಬಾಟಲಿಯೊಂದು ನಮ್ಮ ಜೊತೆಗೆ ಬರುತ್ತದೆ. ನೀರು ಹಿಡಿಯುವ ಜಾಗದಲ್ಲಿ ಅದರ ಮುಚ್ಚಳವನ್ನೂ ತೆರೆದು, ಮುಚ್ಚಿ, ವಾಪಸು ಒಯ್ಯುತ್ತೇವೆ. ಅದರಲ್ಲಿ ಲೋಹ ಸಿಕ್ಕರೆ ತಪ್ಪು ನಮ್ಮದು, ಊರಿನ ನೀರಿನದಲ್ಲ. "ಮೇಡಮ್, ಈ ನೀರು ಜೀಪನ್ಯಾಗ ಸೈರ್ ಮಾಡಾಕ ಬರ್ತದ ನೋಡ್ರಿ. ನಮಗಿಂತ ಅದರ ನಸೀಬ ಛಲೋ" ಎಂದು ಅವರು ಪ್ರತಿ ಸಲವೂ ಅನ್ನುತ್ತಾರೆ, ಸೈರ್ ಅಂದರೆ ಸುತ್ತಾಟ. ಪ್ರತಿ ಸಲವೂ ತಾವೇ ನಗುತ್ತಾರೆ.

ಈಗ ಹೇಳಲು ಹೊರಟದ್ದು ಮಂಠಾಳ ದಾಟಿ ಒಳದಾರಿ ಹಿಡಿದರೆ ಸಿಗುವ ಒಂದು ಸಣ್ಣ ಊರಿನ ಬೋರಿನ ಸಂಗತಿ. ಊರಿನ ಹೆಸರು ಬೇಡ. ದನ ಎಮ್ಮೆ ಸಾಕಿಕೊಂಡು, ತೊಗರಿ ಜೋಳ ಬೆಳೆದುಕೊಂಡಿರುವ ಮನೆಗಳು. ಊರಂಚಿನ ಹೊಲದಲ್ಲಿ ಒಂದು ಬೋರು. ಅದರ ಒಡತಿ ಅರವತ್ತು ದಾಟಿದ ಹೆಂಗಸು, ಊರಿಗೆಲ್ಲ ಆಯಿ. ಬೋರು ಹಾಕಿಸಿದ್ದು ಅವರ ಗಂಡ. ನೀರು ಬಿದ್ದ ವರ್ಷವೇ ಆತ ಬೋರಿನ ಮಗ್ಗುಲಿಗೆ ಕಲ್ಲಿನ ಉದ್ದನೆಯ ದೋಣಿಯೊಂದನ್ನು ತಂದು ಹಾಕಿ, ಊರಿನ ದನಗಳೆಲ್ಲ ಇಲ್ಲೇ ನೀರು ಕುಡಿಯಲಿ ಎಂದಿದ್ದನಂತೆ. ಆತ ಹೋದ ಮೇಲೆ ಆಯಿ ಆ ಮಾತು ನಡೆಸಿಕೊಂಡು ಬಂದರು.

ಆಯಿ ಬಸವಕಲ್ಯಾಣದ ಕಚೇರಿಗೆ ಅಲೆದೂ ಅಲೆದೂ ತಮ್ಮ ಬೋರನ್ನು ನಮ್ಮ ಪರೀಕ್ಷೆಯ ಪಟ್ಟಿಗೆ ಸೇರಿಸಿದ್ದರು. ಸಾಮಾನ್ಯವಾಗಿ ಜನ ನಮ್ಮನ್ನು ಕಂಡರೆ ಬೋರು ಮುಚ್ಚಿಸಲು ಬಂದವರು ಎಂದು ಹೆದರುತ್ತಾರೆ. ತಾವಾಗಿ ಕರೆದವರು ಇವರೊಬ್ಬರೇ. ನಾನು ಜೀಪಿನಿಂದ ಇಳಿಯುತ್ತಲೇ ನನ್ನ ಹಣೆ ನೋಡಿದರು. ತಮ್ಮ ಹಾಗೆಯೇ ಇವಳೂ ಗಂಡನಿಲ್ಲದವಳು ಎಂದುಕೊಂಡರೋ ಏನೋ, ಮೃದುವಾಗಿ "ಎಷ್ಟ ವರ್ಷಾತವ್ವ?" ಎಂದು ಕೇಳಿದರು. ನಾನು, ಯಜಮಾನರು ಮನೆಯಲ್ಲಿ ಆರಾಮಾಗಿ ಇದ್ದಾರೆ, ಇದು ಕೆಲಸದ ನೇಮ ಎಂದೆ. ಅವರು ಬಾಯಿಗೆ ಸೆರಗು ಹಿಡಿದು ನಕ್ಕರು. ಆಮೇಲೆ ನಗು ನಿಲ್ಲಿಸಿ ತಮ್ಮ ವಿಷಯ ಹೇಳಿದರು.

ಅವರ ಮೈದುನನ ಎಮ್ಮೆ ಕರುಗಳು ಒಂದರ ಹಿಂದೊಂದು ಸತ್ತಿದ್ದವು. ಗೋಡೆಗೆ ಗೋಡೆ ಹೊಂದಿಕೊಂಡ ಮನೆ, ಬೇರೆಯಾದರೂ ಒಂದೇ ಅಂಗಳ. ಆತನ ಎಮ್ಮೆಗಳು ನೀರು ಕುಡಿಯುತ್ತಿದ್ದುದು ಈ ದೋಣಿಯಲ್ಲೇ. ಬೋರಿನ ನೀರಿನಲ್ಲಿ ವಿಷ ಇದೆ ಎಂದು ಆತ ಕಟ್ಟೆಯ ಮೇಲೆ ಕೂತು ಹೇಳಿದ್ದ. ಅಂದಿನಿಂದ ಈ ಕಡೆ ಒಂದು ದನವೂ ಬರಲಿಲ್ಲ. ಕೊಡ ಹಿಡಿದು ಬರುತ್ತಿದ್ದ ಹೆಂಗಸರೂ ಬರುವುದನ್ನು ನಿಲ್ಲಿಸಿದರು. ಮೈದುನ ಅತ್ತಿಗೆಯ ಜೊತೆ ಮಾತು ಬಿಟ್ಟು ವರ್ಷವಾಗುತ್ತ ಬಂದಿತ್ತು.

"ಸಣ್ಣಾವಿದ್ದಾಗಿಂದ ನನ್ನ ಕೈಯಾಗ ಉಂಡು ದೊಡ್ಡಾವ ಆಗ್ಯಾನ್ರಿ ಅವ" ಎಂದರು ಆಯಿ. "ಈಗ ನನ್ನ ಬೋರಿನ ನೀರ ಒಂದ ಗುಟಕ ಕುಡಿವಲ್ಲ. ನೀರನ್ಯಾಗ ಏನರ ಇದ್ರ ಇದ್ದಂಗ ಹೇಳ್ರಿ, ನಾನೇ ಬೋರಿಗಿ ಕಲ್ಲ ಹಾಕಿ ಮುಚ್ಚತೀನಿ. ಇಲ್ಲಂದ್ರ ಇಲ್ಲಂತ ಅವನ ಮುಂದ ಹೇಳ್ರಿ. ನಂಗ ಅಷ್ಟ ಬೇಕಾಗ್ಯಾದ."

ಇಂಥ ವಿಷಯದಲ್ಲಿ ನಾನು ಮಾತು ಕೊಡುವುದಿಲ್ಲ. ನೀರು ಏನು ಹೇಳುತ್ತದೋ ಅದು, ಎಂದಷ್ಟೇ ಹೇಳಿ ಕೈಗವಸು ಹಾಕಿಕೊಂಡೆ. ಕರೆಂಟು ಇತ್ತು. ಆಯಿ ಮೋಟರ್ ಚಾಲೂ ಮಾಡಿದರು. ಪೈಪಿನಲ್ಲಿ ನಿಂತಿದ್ದ ಹಳೆಯ ನೀರೆಲ್ಲ ಹೋಗಲಿ ಎಂದು ಬಹಳ ಹೊತ್ತು ಹರಿಯಲು ಬಿಟ್ಟೆ. ನೀರು ಹೊಲದ ಕಡೆ ಹೋಗುತ್ತಿದ್ದುದನ್ನು ನೋಡುತ್ತ ಚಾಲಕರು ತಮ್ಮೂರಿನ ಬೋರುಗಳ ಕತೆ ತೆಗೆದರು. ಆಮೇಲೆ ಅದೇ ನೀರಿನಿಂದ ಬಾಟಲಿ ತೊಳೆದು, ತುಂಬಿ, ಲೋಹ ಬಾಟಲಿಯ ಗೋಡೆಗೆ ಅಂಟಿಕೊಳ್ಳದಿರಲಿ ಎಂದು ಆಮ್ಲದ ಹನಿ ಬಿಟ್ಟು ಮುಚ್ಚಿದೆ.

ಅಷ್ಟರಲ್ಲಿ ಮೈದುನ ಬಂದ. ಐವತ್ತರ ಆಸುಪಾಸಿನ, ಗಟ್ಟಿ ಮೈಯ ಮನುಷ್ಯ. ಹೆಗಲ ಮೇಲೆ ಟವೆಲ್ಲು. ಅತ್ತಿಗೆಯ ಕಡೆ ನೋಡದೆ ನನಗೇ ಹೇಳಿದ: "ಪೈಪಿನ ನೀರ ಯಾಕ ಹಿಡೀತೀರಿ ಮೇಡಮ್ಮರ? ನನ್ನ ಎಮ್ಮಿ ಏನ ಪೈಪಿಗಿ ಬಾಯಿ ಹಚ್ಚಿ ಕುಡೀತಾವು? ಡೋಣ್ಯಾಗಿನ ನೀರ ತಗೋರಿ."

ಮಾತು ಒರಟಾಗಿದ್ದರೂ ಸರಿಯಿತ್ತು. ದೋಣಿಯ ಮೇಲೆ ಆಯಿ ತಾಡಪತ್ರಿ ಹೊದಿಸಿ ಕಲ್ಲು ಹೇರಿದ್ದರು. ಬರುವ ದನ ಇಲ್ಲದಿದ್ದರೂ ಅದನ್ನು ತುಂಬಿಸುವುದನ್ನು ಅವರು ಬಿಟ್ಟಿರಲಿಲ್ಲ. ಎಲೆ, ಕಸ ಬೀಳದಿರಲಿ ಎಂದು ಮುಚ್ಚಿದ್ದು. ಆತ ಒಂದು ಮೂಲೆ ಎತ್ತಿ ಹಿಡಿದ. ನಾನು ಬಗ್ಗಿ ಒಂದು ಬಾಟಲಿ ತುಂಬಿಕೊಂಡೆ. ಕರುಗಳಿಗೆ ಏನಾಗಿತ್ತು ಎಂದು ಕೇಳಿದೆ. ಮೊದಲನೆಯದು ಹೊಟ್ಟೆ ಉಬ್ಬಿ ಒಂದೇ ದಿನದಲ್ಲಿ ಹೋಯಿತಂತೆ.

"ಆಮ್ಯಾಲಿನವು ಹಂಗಲ್ರಿ" ಎಂದ. "ಕಣ್ಣ ತೆರೆದಿದ್ರೂ ಕಾಣ್ತಿರಲಿಲ್ಲ. ಹಲ್ಲ ಕಟಕಟ ತಿಂತಿದ್ದವು. ಗ್ವಾಡಿಗಿ ತಲಿ ಒತ್ತಿ ಹಂಗ ನಿಂತಬಿಡತಿದ್ದವು. ನಾ ಹೆಸರ ಹಿಡಿದು ಕರದ್ರೂ ತಿರಗತಿರಲಿಲ್ರಿ." ಆತ ಟವೆಲ್ಲಿನಿಂದ ಮುಖ ಒರೆಸಿಕೊಂಡು ಹೊರಟುಹೋದ. ದೊಡ್ಡ ಎಮ್ಮೆಗಳಿಗೆ ಏನೂ ಆಗಿರಲಿಲ್ಲ ಎಂಬುದನ್ನು ಆಯಿ ಹೇಳಿದರು.

ನಾವು ಹೊರಡುವಾಗ ಆಯಿ ಒಂದು ಬಟ್ಟಲು ತಂದರು. ಊರಿನಲ್ಲಿ ಮುತ್ತೈದೆಯರನ್ನು ಬರೀ ಹಣೆಯಲ್ಲಿ ಕಳಿಸುವುದಿಲ್ಲ. ಕುಂಕುಮ ಮುಟ್ಟುವುದನ್ನು ಅವರು ಬಿಟ್ಟಿದ್ದರಿಂದ ಭಂಡಾರ ತಂದಿದ್ದರು, ಮೈಲಾರನ ಭಕ್ತರ ಮನೆಯಲ್ಲಿ ಇರುವ ಅರಿಶಿನದ ಪುಡಿ. "ಬಾಟಲಿ ಎಲ್ಲಾ ಮುಚ್ಚಿದ್ರಿಲ್ಲ? ಈಗರ ಹಚ್ಚಿಕೋರಿ" ಎಂದರು. ಬಾಟಲಿಗಳು ಪೆಟ್ಟಿಗೆಯಲ್ಲಿ ಮಂಜುಗಡ್ಡೆಯ ನಡುವೆ ಭದ್ರವಾಗಿದ್ದವು. ನಾನು ಹಣೆ ಒಡ್ಡಿದೆ.

ಕೆಲ ದಿನಗಳ ಮೇಲೆ ಫಲಿತಾಂಶ ಬಂತು. ಬೋರಿನ ನೀರು ಶುದ್ಧ. ಜೊತೆಗೆ ಸೈರಿಗೆ ಬಂದಿದ್ದ ನೀರೂ ಶುದ್ಧ. ದೋಣಿಯ ನೀರಿನಲ್ಲಿ ಮಾತ್ರ ಸೀಸ, ಅದೂ ಕಣ್ಣುಜ್ಜಿಕೊಂಡು ಮತ್ತೆ ಓದುವಷ್ಟು. ನಮ್ಮ ಕೈಯಿಂದ ಬಿದ್ದದ್ದಲ್ಲ, ನೆಲದೊಳಗಿನದೂ ಅಲ್ಲ. ನಾನು ನೀರು ಹಿಡಿದ ಬೋರಿನ ಬಾಯಿಗೂ ದೋಣಿಗೂ ನಡುವೆ ಇರುವುದು ಇನ್ನೊಂದು ಪ್ಲಾಸ್ಟಿಕ್ ಪೈಪು. ಕೆಲವು ಅಗ್ಗದ ಪೈಪುಗಳಲ್ಲಿ ಸೀಸ ಇರುತ್ತದೆ. ಅದೇ ಇರಬೇಕು ಎಂದುಕೊಂಡು ಇನ್ನೊಮ್ಮೆ ಹೊರಟೆ.

ಎರಡನೇ ಸಲ ಹೋದಾಗ ಪೈಪಿನ ಎರಡೂ ತುದಿಯಲ್ಲಿ ನೀರು ಹಿಡಿದೆ. ಆಮೇಲೆ, ಬಂದದ್ದೇ ಬಂದೆ, ದೋಣಿಯನ್ನೂ ಪೂರ್ತಿ ನೋಡೋಣ ಎಂದು ಚಾಲಕರ ಕೈಯಿಂದ ತಾಡಪತ್ರಿ ತೆಗೆಸಿದೆ.

ದೋಣಿಯ ಆ ಬದಿಯ ಅಂಚು ಉದ್ದಕ್ಕೂ ಕೇಸರಿ ಬಣ್ಣ. ಸಿಂಧೂರ. ಹನುಮಪ್ಪನ ಕಲ್ಲಿಗೆ ಮೆತ್ತುತ್ತಾರಲ್ಲ, ಹಾಗೆ ಎಣ್ಣೆಯಲ್ಲಿ ಕಲಸಿ ಮೆತ್ತಿದ್ದು, ಒಂದರ ಮೇಲೊಂದು ಪದರ ಕೂತು ಬೆರಳಿನಷ್ಟು ದಪ್ಪವಾಗಿತ್ತು. ಅಲ್ಲಲ್ಲಿ ಪದರ ಸವೆದು ನುಣುಪಾಗಿ ಕಲ್ಲು ಕಾಣುತ್ತಿತ್ತು. ಸವೆದ ಜಾಗಗಳೆಲ್ಲ ಒಂದೇ ಎತ್ತರದಲ್ಲಿದ್ದವು. ಚಾಲಕರು ಮಂಡಿಯೂರಿ ನೋಡಿ, "ಇದು ನಾಲಿಗಿ ನೆಕ್ಕಿದ ಗುರ್ತರಿ ಮೇಡಮ್. ಕರಕ್ಕ ನೀರ ಎಟಕಂಗಿಲ್ಲ, ಅಂಚ ನೆಕ್ಕತಾವು" ಎಂದರು. ಅದನ್ನು ನಾನೂ ಕಂಡುಕೊಂಡಿದ್ದೆ. ದೊಡ್ಡ ಎಮ್ಮೆ ಕತ್ತು ಚಾಚಿ ನೀರಿಗೆ ಬಾಯಿ ಹಾಕುತ್ತದೆ. ತಾಯಿಯ ಜೊತೆ ಬಂದ ಕರು ಪಕ್ಕದಲ್ಲಿ ನಿಂತು ಎಣ್ಣೆಯ ರುಚಿಗೆ ಕಲ್ಲು ನೆಕ್ಕುತ್ತದೆ.

ಎಲ್ಲ ಸಿಂಧೂರದಲ್ಲೂ ಸೀಸ ಇರುವುದಿಲ್ಲ. ಸಸ್ತಾ ಮಾಲಿನಲ್ಲಿ ಇರುವುದುಂಟು. ಪರೀಕ್ಷೆ ಆಗದೆ ಬಾಯಿ ಬಿಡಬಾರದು ಎಂಬುದು ನನ್ನ ನೇಮ. ಆದರೆ ಪ್ಲಾಸ್ಟಿಕ್ ಚೂರಿನಿಂದ ಒಂದಿಷ್ಟು ಕೆರೆದು ಪೊಟ್ಟಣಕ್ಕೆ ಹಾಕುವಾಗ ಆಯಿ ಹಿಂದೆಯೇ ನಿಂತಿದ್ದರು. ಇದನ್ನು ಯಾರು ಹಚ್ಚುತ್ತಾರೆ ಎಂದು ಕೇಳಲೇಬೇಕಾಯಿತು.

"ನೀರ ಬಿದ್ದಾಗಿಂದ ಅಮಾಸಿಗೊಮ್ಮಿ ನಾ ಭಂಡಾರ ಹಚ್ಚತಿದ್ದೆ. ಮನ್ಯಾಗ ಕುಟ್ಟಿದ್ದು" ಎಂದರು. "ಶೇಂದೂರ ನಮ್ಮ ಮೈದುನಂದ್ರಿ. ಮೊದಲನೇ ಕರ ಹೋತಲ್ಲ, ಅವಾಗ ಯಾರದೋ ಕಣ್ಣ ಬಿದ್ದದ ಅಂತ ಕಲ್ಯಾಣದ ಬಜಾರದಾಗಿಂದ ತಂದು, ಕುಸುಬಿ ಎಣ್ಣ್ಯಾಗ ಕಲಿಸಿ ತನ್ನ ಎಮ್ಮಿ ನಿಂದ್ರೋ ಬದಿಗಿ ಹಚ್ಚಿದ. ಎರಡನೇದು ಹೋದಮ್ಯಾಲ ಇನ್ನಷ್ಟ ಹಚ್ಚಿದ. ಯಾಕ್ರಿ?"

ಪರೀಕ್ಷೆ ಆಗಲಿ, ಹೇಳುತ್ತೇನೆ ಎಂದೆ. ಭಂಡಾರವನ್ನೂ ಚೂರು ಕೇಳಿ ತೆಗೆದುಕೊಂಡೆ, ಅರಿಶಿನವನ್ನೂ ನಂಬದ ಕೆಲಸ ನನ್ನದು. ದೋಣಿಯ ಹತ್ತಿರ ಸದ್ಯಕ್ಕೆ ಯಾವ ದನವನ್ನೂ ಬಿಡಬೇಡಿ ಎಂದೆ. ಬಿಡಲು ಬರುವವರಾದರೂ ಯಾರಿದ್ದರು?  ಅಂದು ಆಯಿ ಬಟ್ಟಲು ತರುವುದನ್ನೂ ಮರೆತರು. ನಾನು ಬರೀ ಹಣೆಯಲ್ಲೇ ಹುಮನಾಬಾದಿಗೆ ಬಂದೆ. ದಾರಿಯುದ್ದಕ್ಕೂ ಚಾಲಕರು ಸೈರಿನ ಮಾತು ಎತ್ತಲಿಲ್ಲ.

ಪರೀಕ್ಷೆಯಲ್ಲಿ ಅನುಮಾನ ಉಳಿಯಲಿಲ್ಲ. ಪೈಪು ಶುದ್ಧ, ಭಂಡಾರ ಶುದ್ಧ, ಕೆರೆದು ತಂದ ಸಿಂಧೂರದಲ್ಲಿ ಸೀಸವೇ ಸೀಸ. ಕರುಗಳಿಗೆ ಆದದ್ದನ್ನು ಪರಿಚಯದ ದನದ ಡಾಕ್ಟರೊಬ್ಬರಿಗೆ ಹೇಳಿದೆ. ಕಣ್ಣು ಕಾಣದಿರುವುದು, ಹಲ್ಲು ಕಡಿಯುವುದು, ಗೋಡೆಗೆ ತಲೆ ಒತ್ತುವುದು, ಇದೆಲ್ಲ ಸೀಸ ತಿಂದ ಲಕ್ಷಣವೇ ಎಂದರು. ಹೊಟ್ಟೆ ಉಬ್ಬಿ ಸತ್ತ ಮೊದಲನೆಯದು ಬೇರೆ, ಅದು ಯಾವ ದೊಡ್ಡಿಯಲ್ಲೂ ಆಗುವಂಥದ್ದು. ಅಂದರೆ ಒಂದು ಕರು ರೋಗದಿಂದ ಸತ್ತಿತ್ತು. ಉಳಿದವನ್ನು ಕಾಪಾಡಲು ಆತ ಹಚ್ಚಿದ್ದೇ ಅವುಗಳನ್ನು ಕೊಂದಿತ್ತು. ಎಷ್ಟು ಸತ್ತವೋ ಅಷ್ಟು ಹೆಚ್ಚು ಹಚ್ಚಿದ್ದ. ಈ ಕೆಲಸದಲ್ಲಿ ನನಗೆ ಯಾರ ಮೇಲೂ ಕನಿಕರ ಬರುವುದು ಕಡಿಮೆ, ಆದರೆ ಅಂದು ಬಂತು. ಆ ಮನುಷ್ಯನಿಗೆ ಇದನ್ನು ಹೇಗೆ ಹೇಳುವುದು ಎಂದು ತಿಳಿಯದೆ ಊಟ ಮಾಡುತ್ತಲೇ ಸಿಟ್ಟು ಮಾಡಿಕೊಂಡೆ. ಯಜಮಾನರು ಪಲ್ಯಕ್ಕೆ ಉಪ್ಪು ಕಡಿಮೆ ಎಂದದ್ದೇ ನೆಪವಾಯಿತು.

ಮೂರನೇ ಸಲ ಹೋದಾಗ ಆಯಿ ಜೀಪಿನ ಸದ್ದು ಕೇಳಿ ಊರ ಹೊರಗೇ ದಾರಿಗೆ ಬಂದಿದ್ದರು. ಪರೀಕ್ಷೆಯಲ್ಲಿ ಏನು ಬಂತೆಂದು ಕೇಳಲಿಲ್ಲ. ಅಷ್ಟೂ ದಿನ ಕೂತು ಯೋಚಿಸಿ ತಾವೇ ತಿಳಿದುಕೊಂಡಿದ್ದರು.

"ಶೇಂದೂರದಾಗ ಅದ, ಹೌದಿಲ್ರಿ?"

ಹೌದು ಎಂದೆ.

"ಬೋರಿನ ನೀರಿಗಿ ಏನೂ ಇಲ್ಲ?"

ಏನೂ ಇಲ್ಲ ಎಂದೆ. ಅವರು ಕಣ್ಣು ಮುಚ್ಚಿ ತೆರೆದರು.

"ಯಾರ ಕೈಲೆ ಹಚ್ಚ್ಯಾರ ಅಂತ ನಿಮ್ಮ ಪರೀಕ್ಷಾದಾಗ ಬರ್ತದೇನ್ರಿ?"

"ಇಲ್ಲ."

"ಹಂಗಾದ್ರ ನಾ ಹಚ್ಚೀನಿ ಅಂತ ಹೇಳ್ರಿ."

ನನಗೆ ರೇಗಿತು. ವರ್ಷವಿಡೀ ಈ ಹೆಂಗಸು ಬೇಡಿದ್ದು ಒಂದೇ, ತಪ್ಪು ತನ್ನದಲ್ಲ ಎಂಬ ಮಾತು. ಆ ಮಾತು ನನ್ನ ಕೈಯಲ್ಲಿರುವ ದಿನ ತಾನೇ ಬೇಡ ಅನ್ನುತ್ತಿದ್ದಾರೆ. "ಆಯಿ, ನಿಮ್ಮನ್ನ ಊರ ಮುಂದ ಕೆಟ್ಟವರ ಮಾಡಿದಾವ್ರ ಅವರು. ಯಾಕ ನೀವು ಅವರ ತಪ್ಪ ಮೈಮ್ಯಾಲ ಹಾಕ್ಕೋತೀರಿ?" ಎಂದೆ.

"ಕರ ಅಂದ್ರ ಅವಂಗ ಮಕ್ಕಳಿದ್ದಂಗ ಯವ್ವಾ. ತನ್ನ ಕೈಲೆ ಸತ್ತಾವು ಅಂತ ಗೊತ್ತಾದ್ರ ಅವ ಉಣ್ಣಂಗಿಲ್ಲ. ನನ್ನ ಮ್ಯಾಲ ಸಿಟ್ಟ ಇದ್ರ ಇರಲಿ, ಸಿಟ್ಟಿನ್ಯಾಗ ಮನಷ್ಯಾ ಉಣತಾನ" ಎಂದರು. "ನೀರ ಛಲೋ ಅದ ಅಂತ ಗೊತ್ತಾತಲ್ಲ, ನಂಗ ಅಷ್ಟ ಸಾಕು."

ನಾನು ಸುಳ್ಳು ಹೇಳುವುದಿಲ್ಲ ಎಂದೆ. ಆದರೆ ಯಾರು ಹಚ್ಚಿದರೆಂದು ಹೇಳುವುದು ನನ್ನ ಕೆಲಸವಲ್ಲ, ಅದನ್ನು ನಾನು ಎತ್ತುವುದಿಲ್ಲ ಎಂದೂ ಹೇಳಿದೆ. ಅವರು ತಲೆಯಾಡಿಸಿದರು.

ಬೋರಿನ ಹತ್ತಿರ ಜನ ಸೇರಿದ್ದರು. ಮೊದಲಿನ ಹಾಗೆ ಕೊಡ ಹಿಡಿದ ಹೆಂಗಸರಲ್ಲ, ಏನಾಗುತ್ತದೆ ನೋಡೋಣ ಎಂದು ಬರಿಗೈಯಲ್ಲಿ ಬಂದವರು. ಮೈದುನ ಎಲ್ಲರಿಗಿಂತ ಮುಂದೆ ನಿಂತಿದ್ದ. ನಾನು ಹೇಳಬೇಕಾದದ್ದನ್ನು ನೇರವಾಗಿ ಹೇಳಿದೆ. ಬೋರಿನ ನೀರು ಕುಡಿಯಲು ಯೋಗ್ಯ. ದೋಣಿಗೆ ಹಚ್ಚಿದ ಸಿಂಧೂರದಲ್ಲಿ ಸೀಸ ಇದೆ, ಬ್ಯಾಟರಿಯೊಳಗೆ ಇರುವಂಥದ್ದೇ. ಕರುಗಳು ಅದನ್ನು ನೆಕ್ಕಿವೆ.

 ಆಯಿ ಒಂದು ಹೆಜ್ಜೆ ಮುಂದೆ ಬಂದು, ಜನರ ಕಡೆ ತಿರುಗಿ, ಗಟ್ಟಿಯಾಗಿ ಹೇಳಿದರು: "ಆ ಡೋಣಿಗಿ ಪೂಜಿ ಮಾಡಾಕಿ ನಾನು. ನಮ್ಮ ಮನಿಯವರು ಇದಕ್ಕ ನೀರ ಬಿಟ್ಟಾಗಿಂದ ನಾನೇ ಹಚ್ಚಕೋತ ಬಂದೀನಿ. ನನ್ನ ಕೈಲೆ ಆಗ್ಯಾದ."

ಗುಂಪಿನಲ್ಲಿ ಒಬ್ಬಿಬ್ಬರು ಅಯ್ಯೋ ಅಂದರು. ನಾನು ಮೈದುನನನ್ನು ನೋಡಿದೆ. ಆತನ ಕಣ್ಣು ದೋಣಿಯ ಅಂಚಿನ ಮೇಲಿತ್ತು, ನಾಲಿಗೆ ತಾಗಿ ಸವೆದ ಜಾಗಗಳ ಮೇಲೆ. ಒಂದೊಂದನ್ನೇ ನೋಡುತ್ತ ಹೋದ. ತುದಿಗೆ ಬಂದ ಮೇಲೆ ಮತ್ತೆ ಮೊದಲಿನಿಂದ ನೋಡಿದ. ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಊರು ನಂಬುತ್ತಿತ್ತು, ನಾನೂ ಬಾಯಿ ಬಿಡುತ್ತಿರಲಿಲ್ಲ.

ಆತ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡ. "ಇಲ್ಲ ವೈನಿ" ಎಂದ. ವರ್ಷದ ಮೇಲೆ ಅತ್ತಿಗೆಯನ್ನು ವೈನಿ ಎಂದು ಕರೆದದ್ದು ಅದೇ ಮೊದಲು. "ನಿಮ್ಮ ಕೈಯಾಗ ಭಂಡಾರ ಇತ್ತು. ನಾ ನೋಡೀನಿ. ಶೇಂದೂರ ನಂದು."

ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಆಯಿ ಏನೋ ಹೇಳಲು ಬಾಯಿ ತೆರೆದರು, ಆತ ಕೈಯೆತ್ತಿ ತಡೆದ.

"ಮೋಟರ್ ಚಾಲೂ ಮಾಡ್ರಿ ವೈನಿ."

ಆಯಿ ಹೋಗಿ ಗುಂಡಿ ಒತ್ತಿದರು. ಪೈಪಿನಲ್ಲಿ ಗಾಳಿ ಕೆಮ್ಮಿ, ಆಮೇಲೆ ನೀರು ಬಂತು. ನಾನು ಅಭ್ಯಾಸಬಲದಿಂದ ಹಳೆಯ ನೀರು ಹೋಗಲಿ, ತಡೀರಿ ಎನ್ನಲು ಹೊರಟವಳು ಸುಮ್ಮನಾದೆ. ಆತ ಪೈಪಿನ ಮುಂದೆ ಕುಕ್ಕರಗಾಲಲ್ಲಿ ಕೂತು ಮೊದಲು ಕೈ ತೊಳೆದುಕೊಂಡ. ಬೆರಳ ಸಂದು, ಉಗುರು, ಮಣಿಕಟ್ಟು, ಹೊಲದ ಮಣ್ಣು ತೆಗೆದು ಉಜ್ಜಿ ಉಜ್ಜಿ ತೊಳೆದ. ನಿಂತವರೆಲ್ಲ ನೋಡುತ್ತಿದ್ದರು, ಆತ ನಿಲ್ಲಿಸಲೇ ಇಲ್ಲ. ಕೊನೆಗೆ ಆಯಿ ಹತ್ತಿರ ಹೋಗಿ ಆತನ ಭುಜದ ಮೇಲೆ ಕೈಯಿಟ್ಟು, "ಸಾಕು ತಮ್ಮಾ, ಕುಡಿ" ಎಂದರು.

ಆತ ಬೊಗಸೆ ಒಡ್ಡಿ ಕುಡಿದ.